ಮುಂಡಪ್ಪನ ತಲೆಯೊಳಗೆ ಮುಂಡಪ್ಪ ಎಲ್ಲಿ

ನಾನು ಬಂಟ್ವಾಳದ ಶಾಲೆಯಲ್ಲಿ ಮಾಸ್ತರನಾಗಿದ್ದ ದಿನಗಳಲ್ಲಿ ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಕೋಳಿಯಲ್ಲ, ಮುಂಡಪ್ಪ. ನನ್ನ ಬಾಡಿಗೆ ಕೋಣೆಯ ಕೆಳಗೇ ರುಕ್ಮಯ್ಯ ಧಣಿಗಳ ತೆಂಗಿನಕಾಯಿ ಗೋದಾಮು, ಅದರ ಹಿಂಬಾಗಿಲಿಗೆ ನೇತ್ರಾವತಿ. ಮಂಗಳೂರಿಗೆ ಇಳಿಯುವ ಸರಕಿನ ದೋಣಿಗಳನ್ನು ಅಲ್ಲೇ ಕಟ್ಟುತ್ತಿದ್ದರು. ಎರಡು ಕೈಯಲ್ಲೂ ಎರಡೆರಡು ಕಾಯಿ ಹಿಡಿದು ರಾಶಿಯಿಂದ ದೋಣಿಗೆ ಎಸೆಯುತ್ತಾ, ಪ್ರತಿ ಎಸೆತಕ್ಕೂ ಎಣಿಕೆಯನ್ನು ರಾಗವಾಗಿ ಕೂಗಿ ಹೇಳುವುದು ಮುಂಡಪ್ಪನ ಕೆಲಸ. ಮೂಡಬಿದ್ರೆಯಲ್ಲಿ ಬಸದಿಯ ಪಕ್ಕದ ಮನೆಯಲ್ಲಿ, ಜೋರಾಗಿ ಕೆಮ್ಮಿದರೂ ಅಜ್ಜಿ ತಿರುಗಿ ನೋಡುವಂಥ ಮೌನದಲ್ಲಿ ಬೆಳೆದವ ನಾನು. ಮೊದಲ ವಾರವೇ ಕಿಟಕಿಯಿಂದ ಗದರಿಸಿದೆ.

"ಸ್ವಲ್ಪ ಮೆಲ್ಲಗೆ ಎಣಿಸ್ಲಿಕ್ಕೆ ಆಗುದಿಲ್ವಾ ಮಾರಾಯ?"

"ಮೆಲ್ಲಗೆ ಎಣಿಸಿದ್ರೆ ದೋಣಿಯವನಿಗೆ ಕೇಳುದಿಲ್ಲ ಮಾಷ್ಟ್ರೇ. ಅವನಿಗೆ ಕೇಳದಿದ್ರೆ ಅವ ಅವನದ್ದೇ ಒಂದು ಲೆಕ್ಕ ಹೇಳ್ತಾನೆ" ಎಂದು ಮುಂಡಪ್ಪ ಮೇಲೆ ನೋಡಿ ನಕ್ಕ. ನಮ್ಮ ಮಾತುಕತೆಯೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಅವನ ತುಳುವಿನ ರುಚಿ ಇದರಲ್ಲಿ ಅರ್ಧವೂ ಇಲ್ಲ.

ಆಗಿನ್ನೂ ನಮ್ಮ ಜಿಲ್ಲೆ ಮದ್ರಾಸು ರಾಜ್ಯದಲ್ಲಿತ್ತು. ಮುಂಡಪ್ಪನಿಗೆ ಮೂವತ್ತರ ಆಸುಪಾಸು. ಹೊಳೆಯ ಆಚೆ ನರಿಕೊಂಬಿನಲ್ಲಿ ಮನೆ, ದಿನವೂ ಕಡವಿನ ದೋಣಿಯಲ್ಲಿ ಬರುವವ. ಹೆಂಡತಿ ಕಾಂತಿ, ತೊಟ್ಟಿಲಲ್ಲಿ ವಾರಿಜ ಎಂಬ ಹೆಣ್ಣು ಮಗು. ಮುಂಡಪ್ಪ ಯಾರನ್ನೂ ತಮಾಷೆ ಮಾಡದೆ ಬಿಡುವ ಜನವಲ್ಲ. ಸಾಯಂಕಾಲ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ನಮ್ಮ ಜೈನರ ಪದ್ಧತಿಯನ್ನು ನೋಡಿ, ಆಕಾಶದಲ್ಲಿ ಮೋಡ ಕವಿದ ದಿನ ಮಾಷ್ಟ್ರು ಮಧ್ಯಾಹ್ನವೇ ಎರಡು ಸಲ ಉಣ್ಣುತ್ತಾರೆ ಎಂದು ಪೇಟೆ ತುಂಬ ಹೇಳಿಕೊಂಡು ಬಂದಿದ್ದ. ನಾನು ಅವನೊಡನೆ ಎರಡು ದಿನ ಮಾತು ಬಿಟ್ಟಿದ್ದೆ. ಅವನು ಅದನ್ನು ಗಮನಿಸಲೇ ಇಲ್ಲ, ಹಾಗಾಗಿ ನಾನೇ ಮಾತಾಡಿಸಬೇಕಾಯಿತು.

ಒಂದು ಬೆಳಗ್ಗೆ ಎಣಿಕೆ ನಡುವೆ ನಿಂತಿತು. ಕಿಟಕಿಗೆ ಬಂದು ನೋಡಿದರೆ ಮುಂಡಪ್ಪ ಕಾಯಿ ಎಸೆಯುತ್ತಲೇ ಇದ್ದಾನೆ. ಬಾಯಿ ಏನನ್ನೋ ಚಪ್ಪರಿಸುತ್ತಿದೆ, ಸ್ವರ ಇಲ್ಲ. ಕಣ್ಣು ತೆರೆದಿದೆ, ಆದರೆ ನೋಟ ಇಲ್ಲ. ದೋಣಿಯವನು ತುಂಬಿದ ದೋಣಿಯನ್ನು ಆಗಲೇ ಪಕ್ಕಕ್ಕೆ ಸರಿಸಿದ್ದ. ಕಾಯಿಗಳು ಒಂದರ ಹಿಂದೆ ಒಂದು ಹೊಳೆಗೆ ಬೀಳುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅವನು ಕೈ ನಿಲ್ಲಿಸಿ, ತೇಲಿಹೋಗುತ್ತಿದ್ದ ಕಾಯಿಗಳನ್ನು ನೋಡಿ, "ಇದನ್ನು ಯಾರು ಎಸೆದದ್ದು?" ಎಂದು ಕೇಳಿದ. ಕೂಲಿಯವರು ನಕ್ಕರು. ನನಗೆ ನಗು ಬರಲಿಲ್ಲ. ಕೈ ಎಸೆಯಿತು, ಕಾಲು ನಿಂತಿತು, ಆದರೆ ಮುಂಡಪ್ಪ ಅಲ್ಲಿರಲಿಲ್ಲ. ಹಾಗಾದರೆ ಅಲ್ಲಿದ್ದದ್ದು ಯಾರು?

ನಮ್ಮ ಕಡೆ ಇದಕ್ಕೆ 'ಬೋಧ ತಪ್ಪುವುದು' ಎನ್ನುತ್ತಾರೆ. ಮುಂಡಪ್ಪನಿಗೆ ಚಿಕ್ಕಂದಿನಲ್ಲಿ ಬಂದ ಒಂದು ಕೆಟ್ಟ ಜ್ವರದ ನಂತರ ಹೀಗೆ ಬೋಧ ತಪ್ಪುತ್ತಿತ್ತು, ಈಚೆಗೆ ಹೆಚ್ಚಾಗಿತ್ತು. ಒಂದು ಆದಿತ್ಯವಾರ ನನ್ನ ಕೋಣೆಯ ಮೆಟ್ಟಿಲಲ್ಲಿ ಕುಳಿತು, ಬೇರೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಹೇಳಿದ.

"ಮೊದಲು ಅಮ್ಮ ಕರೀತಾಳೆ ಮಾಷ್ಟ್ರೇ. ಹೊಳೆಬದಿಯಿಂದ, ಊಟಕ್ಕೆ ಕರೆದ ಹಾಗೆ. ಅವಳು ಸತ್ತು ಎಷ್ಟೋ ವರ್ಷ ಆಯ್ತು. ಆದ್ರೆ ಸ್ವರ ಉಂಟಲ್ಲ, ಅದು ಅವಳದ್ದೇ. ಆಮೇಲೆ ನನಗೆ ಏನೂ ಗೊತ್ತಿಲ್ಲ."

"ಹೆದರಿಕೆ ಆಗ್ತದಾ?"

"ಇಲ್ಲ. ಸಂತೋಷ ಆಗ್ತದೆ. ಅದೇ ತೊಂದರೆ."

ಮನೆಯವರು ಸತ್ತ ತಾಯಿಗೆ ಬಡಿಸುವುದನ್ನೆಲ್ಲ ಬಡಿಸಿ ಆಗಿತ್ತು. ತಾಯಿ ಕರೆಯುವುದನ್ನು ನಿಲ್ಲಿಸಿರಲಿಲ್ಲ. ಈ ನಡುವೆಯೇ ವಾರಿಜ ಹುಟ್ಟಿದ್ದಳು. ಮಗುವನ್ನು ಕಾಂತಿ ಒಂದು ದಿನವೂ ಅವನ ಕೈಗೆ ಕೊಡಲಿಲ್ಲ. ಚಾಪೆಯ ಮೇಲೆ ಮಲಗಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿ, ಇಲ್ಲಿಂದಲೇ ನೋಡಿ ಎನ್ನುತ್ತಿದ್ದಳು. ಅವಳು ಕಲ್ಲುಮನಸ್ಸಿನವಳಲ್ಲ. ಬೋಧ ತಪ್ಪಿದಾಗ ಅವನ ಕೈ ಏನು ಮಾಡುತ್ತದೆಂದು ಕಂಡವಳು. ಕಾಯಿ ಎಸೆಯುವ ಕೈ ಅದು. ಮುಂಡಪ್ಪ ಈ ಮಾತನ್ನೂ ತಮಾಷೆ ಮಾಡಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಎದ್ದು ಹೋದ.

ಮಂಗಳೂರಿನ ಒಬ್ಬ ಡಾಕ್ಟರು ಪರೀಕ್ಷೆ ಮಾಡಿ, ಜ್ವರ ಮಿದುಳಿನಲ್ಲಿ ಒಂದು ಕಲೆ ಉಳಿಸಿಹೋಗಿರಬೇಕು, ಅದನ್ನು ಹುಡುಕಿ ತೆಗೆಯುವವರು ಮದ್ರಾಸಿನಲ್ಲಿದ್ದಾರೆ ಎಂದರು. ಇಂಗ್ಲಿಷು ಬರುವವರು ಒಬ್ಬರು ಜೊತೆಗೆ ಬೇಕು. ಇಡೀ ಪೇಟೆ ನನ್ನ ಕಡೆ ನೋಡಿತು. ಬೇಸಗೆ ರಜೆ ಬೇರೆ, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಹೊರಡುವ ದಿನ ಕಾಂತಿ ಮಗುವನ್ನೆತ್ತಿಕೊಂಡು ಬಸ್ಸಿನವರೆಗೆ ಬಂದಳು. ಗಂಡ ಸೀಟು ಹುಡುಕಲು ಹೋದಾಗ ನನ್ನನ್ನು ಪಕ್ಕಕ್ಕೆ ಕರೆದಳು.

"ತಲೆ ತೆರೆದು ಮುಚ್ಚಿದ ಮೇಲೆ ಬರುದು ಇವರೇನಾ ಮಾಷ್ಟ್ರೇ? ಬೇರೆ ಯಾರಾದ್ರೂ ಬಂದ್ರೆ ನಾನು ಏನು ಮಾಡ್ಲಿ?"

ಮಾಸ್ತರರ ಬಳಿ ಎಲ್ಲದಕ್ಕೂ ಉತ್ತರ ಇರುತ್ತದೆಂದು ಜನ ತಿಳಿಯುತ್ತಾರೆ. ನಾನು ಧೈರ್ಯ ಹೇಳಿ ಬಸ್ಸು ಹತ್ತಿದೆ. ಮಂಗಳೂರಿನಿಂದ ಮದ್ರಾಸಿನವರೆಗೆ ರೈಲಿನಲ್ಲಿ ಅವಳ ಪ್ರಶ್ನೆ ನನ್ನೊಡನೆ ಕುಳಿತೇ ಬಂತು.

ಆಸ್ಪತ್ರೆಯಲ್ಲಿ ಮುಂಡಪ್ಪನ ತಲೆಗೆ ಅಂಟು ಹಚ್ಚಿ ಸಣ್ಣ ಸಣ್ಣ ತಂತಿ ಕಟ್ಟಿದರು. ಆಚೆ ಒಂದು ಯಂತ್ರ. ಅದರ ಮುಳ್ಳುಗಳು ಓಡುವ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದವು. ಕಣ್ಣು ಮುಚ್ಚಿದರೆ ಗೆರೆಗಳು ಒಂದೇ ಲಯದಲ್ಲಿ ಏರಿ ಇಳಿಯುತ್ತವೆ; ಕಣ್ಣು ತೆರೆದರೆ ಲಯ ಒಡೆಯುತ್ತದೆ. ಕಣ್ಣು ಮುಚ್ಚಿಸಿಯೇ ಒಂದು ಕಷ್ಟದ ಗುಣಾಕಾರ ಮಾಡಲು ಹೇಳಿದಾಗಲೂ ಒಡೆಯಿತು. ಮುಂಡಪ್ಪನಿಗೆ ಸಂಶಯ ಬಂತು.

"ನಾನು ಮನಸ್ಸಿನಲ್ಲಿ ಲೆಕ್ಕ ಮಾಡಿದ್ದು ಅದಕ್ಕೆ ಹೇಗೆ ಗೊತ್ತಾಯ್ತು?"

ದೊಡ್ಡ ಡಾಕ್ಟರು ಬಿಳಿ ಮೀಸೆಯ, ಮೆಲುಮಾತಿನ ತಮಿಳರು. ನಾನು ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದೆ. "ಲೆಕ್ಕ ಮಾಡುತ್ತಿದ್ದಾನೆಂದು ಯಂತ್ರಕ್ಕೆ ಗೊತ್ತಾಯಿತು, ಏನು ಲೆಕ್ಕ ಎಂದು ಗೊತ್ತಾಗಲಿಲ್ಲ" ಎಂದರು ಅವರು.

"ಹಾಗಾದ್ರೆ ಕೇಳಿ ಮಾಷ್ಟ್ರೇ, ಇದರಲ್ಲಿ ನಾನು ಎಲ್ಲಿ ಇದ್ದೇನೆ ಅಂತ. ಬೋಧ ಎಲ್ಲಿ ಇರ್ತದೆ ಅಂತ."

ಡಾಕ್ಟರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು. "ಇದನ್ನೇ ನಾವೂ ಹುಡುಕುತ್ತಿದ್ದೇವೆ. ಮಿದುಳಿನ ಬುಡದಲ್ಲಿ, ಕಾಂಡದಂಥ ಭಾಗದಲ್ಲಿ ಎಚ್ಚರದ ಮೂಲ ಇದೆ ಎಂದು ಕೆಲವರು ಹೇಳುತ್ತಾರೆ. ಮಂಪರಿನಲ್ಲಿರುವ ಬೆಕ್ಕಿಗೆ ಅಲ್ಲಿ ಸ್ವಲ್ಪ ಕರೆಂಟು ಕೊಟ್ಟರೆ ಅದರ ಗೆರೆಗಳು ಎಚ್ಚರವಿದ್ದಾಗಿನ ಹಾಗೆ ಬದಲಾಗುತ್ತವೆ. ಇಲ್ಲ, ಎಲ್ಲವೂ ಮಿದುಳಿನ ಮೇಲ್ಪದರದ ಮಡಿಕೆಗಳಲ್ಲಿದೆ ಎಂದು ಇನ್ನು ಕೆಲವರು. ಎರಡೂ ಸೇರಿಯೇ ಆಗುತ್ತದೆಂದು ನನ್ನ ಅಂದಾಜು. ಬರೀ ಅಂದಾಜು. ಒಳಗೆ ಏನು ಅನಿಸಿತೆಂದು ಬೆಕ್ಕು ಹೇಳುವುದಿಲ್ಲ. ಇವನು ಹೇಳುತ್ತಾನೆ. ಅದಕ್ಕೇ ಆಪರೇಷನ್ ಮಾಡುವಾಗ ಇವನು ಎಚ್ಚರವಾಗಿಯೇ ಇರಬೇಕು."

ಅದನ್ನು ತುಳುವಿಗೆ ತಿರುಗಿಸಿ ಹೇಳಿದೆ. ಚರ್ಮಕ್ಕೆ ಮರಗಟ್ಟಿಸುವ ಸೂಜಿ ಕೊಟ್ಟು ತಲೆ ತೆರೆಯುತ್ತಾರೆ, ಮಿದುಳಿಗೆ ನೋವೆಂಬುದಿಲ್ಲ. ಬೇರೆ ಬೇರೆ ಕಡೆ ತಂತಿ ಮುಟ್ಟಿಸಿ, ಮಾತಿನ ಜಾಗ ಯಾವುದು, ಕಲೆಯ ಜಾಗ ಯಾವುದು ಎಂದು ಗುರುತು ಹಾಕುತ್ತಾರೆ. ಕಲೆ ಮಾತಿನ ಜಾಗಕ್ಕೆ ಅಂಟಿಕೊಂಡಿದ್ದರೆ ಕತ್ತರಿಸುವ ಹಾಗಿಲ್ಲ. ಹಾಗೆಯೇ ಮುಚ್ಚಿ ಕಳಿಸುತ್ತಾರೆ.

ಆ ಸಂಜೆ ಮುಂಡಪ್ಪ ನನ್ನನ್ನು ಕೇಳಿದ. "ಮಿದುಳಿನ ಒಂದು ತುಂಡು ತೆಗೆದ್ರೆ ಜೀವದ್ದೂ ಒಂದು ತುಂಡು ಹೋಗ್ತದಾ?"

ನಮ್ಮ ಅಜ್ಜಿ ಹೇಳುತ್ತಿದ್ದುದನ್ನೇ ಹೇಳಿದೆ. ನಮ್ಮಲ್ಲಿ ಜೀವ ದೇಹದಷ್ಟೇ ದೊಡ್ಡದು. ದೀಪವನ್ನು ಸಣ್ಣ ಕೋಣೆಯಲ್ಲಿಟ್ಟರೆ ಬೆಳಕು ಅಷ್ಟೇ, ಚಾವಡಿಯಲ್ಲಿಟ್ಟರೆ ಚಾವಡಿ ತುಂಬ. ಗೋಡೆಯ ಒಂದು ಮೂಲೆ ಕೆತ್ತಿದರೆ ಬೆಳಕು ತುಂಡಾಗುವುದಿಲ್ಲ.

"ಇದು ಡಾಕ್ಟ್ರಿಗೆ ಗೊತ್ತುಂಟಾ?"

"ಅವರ ಅಂದಾಜು ಬೇರೆ, ನಮ್ಮದು ಬೇರೆ."

"ಇರ್ಲಿ. ನಿಮ್ಮದು ಇವತ್ತು ನಿದ್ರೆ ಮಾಡ್ಲಿಕ್ಕೆ ಸಾಕು" ಎಂದು ಮಗ್ಗುಲಾದ.

ಡಾಕ್ಟರು ನನ್ನಿಂದ ತುಳುವಿನ ಎಣಿಕೆ ಕಲಿತುಕೊಂಡಿದ್ದರು: ಒಂಜಿ, ರಡ್ಡ್, ಮೂಜಿ, ನಾಲ್. ಮನುಷ್ಯ ಭಯದಲ್ಲಿ ಮನೆಯ ಮಾತನ್ನೇ ಆಡುತ್ತಾನೆ, ಅದನ್ನೇ ಪರೀಕ್ಷಿಸಬೇಕು ಎನ್ನುವುದು ಅವರ ಹಟ. ವಾರ್ಡಿನಲ್ಲಿ ಮುಂಡಪ್ಪ ನನ್ನ ಮುಂದೆ ಶಾಲೆಯ ಮಗುವಿನ ಹಾಗೆ ಒಂಜಿ, ರಡ್ಡ್ ಎಂದು ಒಪ್ಪಿಸಿದ್ದ. ಹಾಗಾಗಿ ಆಪರೇಷನ್ ಕೋಣೆಗೆ ಮುಖವಸ್ತ್ರ ಕಟ್ಟಿಕೊಂಡು ಹೋಗುವಾಗ ನಾನು ಎಣಿಕೆಯ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಬಟ್ಟೆಯ ಗುಡಾರದ ಈಚೆ ಅವನ ಮುಖದ ಹತ್ತಿರ ನನ್ನ ಸ್ಟೂಲು, ಆಚೆ ಡಾಕ್ಟರು. ಆಚೆ ಏನಿದೆಯೆಂದು ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಮೊದಲು ಒಂದು ಕಡೆ ತಂತಿ ಮುಟ್ಟಿಸಿದಾಗ ಮುಂಡಪ್ಪನ ಬಲಗೈ ತಾನಾಗಿ ಎದ್ದಿತು. "ಕೈ ಯಾಕೆ ಎತ್ತಿದೆ?" ಎಂದು ಡಾಕ್ಟರು ನನ್ನಿಂದ ಕೇಳಿಸಿದರು.

"ನಾನು ಎತ್ತಲಿಲ್ಲ. ಅವರು ಎತ್ತಿದ್ದು" ಎಂದ ಮುಂಡಪ್ಪ.

ಆಮೇಲೆ ಕಲೆಯ ಅಂಚಿಗೆ ಬಂದರು. ಎಣಿಸು ಎಂದರು. ಮುಂಡಪ್ಪ ಗಟ್ಟಿಯಾಗಿ ಎಣಿಸಿದ. ಡಾಕ್ಟರ ಕೈ ನಿಂತಿತು. ಇನ್ನೊಮ್ಮೆ ಮುಟ್ಟಿಸಿದರು, ಇನ್ನೊಮ್ಮೆ ಎಣಿಸಿದ. ಅವರು ಸಹಾಯಕನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: ಇಲ್ಲಿ ಮುಟ್ಟಿದಾಗಲೆಲ್ಲ ಮೊದಲ ಪದ ತಪ್ಪುತ್ತಿದೆ, ಇದು ಮಾತಿನ ಜಾಗ, ಕತ್ತರಿಸಿದರೆ ಮಾತು ಹೋಗುತ್ತದೆ. ಇಷ್ಟು ದೂರ ಬಂದು, ತಲೆ ತೆರೆಸಿಕೊಂಡು, ಬರಿಗೈಯಲ್ಲಿ ನರಿಕೊಂಬಿಗೆ ಹೋಗುವುದೇ?

"ಒಂಜಿ ಎನ್ನುವ ಬದಲು ಏನು ಹೇಳಿದ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ಏನು ಹೇಳಿದ? ನನ್ನ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತ್ತು. ನೆನಪಿಸಿಕೊಂಡು, "ಲಾಭ" ಎಂದೆ.

"ಅಂದರೆ?"

ಅಂದರೆ ಲಾಭ. ಅರ್ಥ ಕೇಳಿದರೆ ಅರ್ಥ ಹೇಳುವುದು ಮಾಸ್ತರರ ಚಾಳಿ. ಹೇಳಿದೆ. ಲಾಭ, ಎರಡು, ಮೂರು ಎಂದು ಎಣಿಸುವವನ ಮಾತು ಕೆಟ್ಟಿದೆಯೆಂದು ಯಾವ ಡಾಕ್ಟರಿಗೂ ಅನಿಸದೆ ಇರುತ್ತದೆಯೇ? ಆಗ ನನ್ನ ತಲೆಗೆ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಬೆರಳೆತ್ತಿ ನನ್ನನ್ನು ತಡೆದರು. "ನೀವು ಹೇಳಬೇಡಿ. ಅವನಿಂದಲೇ ತಿಳಿಯಬೇಕು."

ಅವರು ಮಾಡಿದ್ದು ಇಷ್ಟೆ. ಕರೆಂಟು ನಿಲ್ಲಿಸಿ, ತಂತಿಯನ್ನು ದೂರ ಹಿಡಿದು, ಮುಟ್ಟಿಸಿದ್ದೇನೆ ಎನ್ನುವ ದನಿಯಲ್ಲೇ "ಎಣಿಸು" ಎಂದರು. ಮುಂಡಪ್ಪ ಎಣಿಸಿದ: "ಲಾಭ, ರಡ್ಡ್, ಮೂಜಿ, ನಾಲ್."

ಕರೆಂಟೇ ಇಲ್ಲದೆ ಪದ ತಪ್ಪಬೇಕಾದರೆ ತಪ್ಪು ಮಿದುಳಿನದ್ದಲ್ಲ. "ಮೊದಲನೆಯದನ್ನು ಲಾಭ ಎನ್ನುವುದು ಯಾಕೆಂದು ಕೇಳಿ" ಎಂದರು.

"ಮತ್ತೆ ಹೇಗೆ ಎಣಿಸುದು?" ಎಂದ ಮುಂಡಪ್ಪ. "ಗೋದಾಮಿನಲ್ಲಿ ಒಂಜಿ ಅಂತ ಶುರು ಮಾಡ್ಲಿಕ್ಕೆ ಉಂಟಾ? ಮೊದಲನೇದು ಯಾವಾಗ್ಲೂ ಲಾಭ. ಇಲ್ಲದಿದ್ರೆ ಧಣಿಗಳು ರಾಶಿಯ ಮೇಲಿಂದಲೇ ಓಡಿಸಿಯಾರು. ಮೊನ್ನೆ ಒಂಜಿ ಅಂದದ್ದು ಮಾಷ್ಟ್ರಿಗೆ ಬೇಕಾಗಿ."

ನಮ್ಮ ಪೇಟೆಯ ವ್ಯಾಪಾರದ ಕ್ರಮ ಅದು. ಶುಭವಾಗಲಿ ಎಂದು ಮೊದಲ ಅಳತೆಯನ್ನು ಲಾಭ ಎಂದೇ ಎಣಿಸುತ್ತಾರೆ. ನಾನು ವಿವರಿಸಿದೆ. ಮುಖವಸ್ತ್ರದ ಹಿಂದೆ ಡಾಕ್ಟರು ನಕ್ಕದ್ದು ಕಣ್ಣಿನಲ್ಲಿ ಕಂಡಿತು. ಅಲ್ಲಿಗೆ ಹಾಕಿದ್ದ ಗುರುತನ್ನು ತೆಗೆದರು. ನಿಜವಾದ ಮಾತಿನ ಜಾಗ ಅಲ್ಲಿಂದ ಹಿಂದೆ ಸಿಕ್ಕಿತು. ಅಲ್ಲಿ ಮುಟ್ಟಿಸಿದಾಗ ಮುಂಡಪ್ಪನ ಎಣಿಕೆ ಪೂರ್ತಿ ನಿಂತಿತು. ತಂತಿ ತೆಗೆದ ಕೂಡಲೇ, "ಐದು ಅಂತ ಗೊತ್ತಿತ್ತು, ಬಾಯಿಗೆ ಬೀಗ ಹಾಕಿದ ಹಾಗಾಯ್ತು. ನಾನು ಒಳಗೇ ಇದ್ದೆ" ಎಂದ.

ಕೊನೆಗೆ ಕಲೆಯ ನಡುವೆ ಮುಟ್ಟಿಸಿದರು. ಅವನ ಮುಖ ಸಡಿಲವಾಯಿತು, ಕಣ್ಣಂಚಿನಲ್ಲಿ ನೀರು ಇಳಿಯಿತು.

"ಅಮ್ಮ ಕರೀತಿದ್ದಾಳೆ" ಎಂದ.

"ಎಲ್ಲಿದ್ದೀಯ ಎಂದು ಕೇಳಿ" ಎಂದರು ಡಾಕ್ಟರು.

"ಇಲ್ಲೇ ಇದ್ದೇನೆ, ಮದ್ರಾಸಿನಲ್ಲಿ. ನಿಮ್ಮ ಮುಖ ಕಾಣ್ತದೆ ಮಾಷ್ಟ್ರೇ. ಆದ್ರೆ ಕೇಳುದು ಅಲ್ಲಿಯದ್ದು." ತಂತಿ ತೆಗೆದರು. "ಈಗ ನಿಂತಿತು" ಎಂದ.

ಡಾಕ್ಟರು ತಂತಿಯನ್ನು ಪಕ್ಕಕ್ಕಿಟ್ಟರು. ಬೋಧ ತಪ್ಪಿಸುವ ಕಲೆ ಅಲ್ಲೇ ಇದೆ, ತೆಗೆಯಬೇಕಾದದ್ದು ಅದನ್ನೇ, ಒಪ್ಪಿಗೆಯೇ ಎಂದು ಕೇಳಿಸಿದರು. ಅದನ್ನು ತಿರುಗಿಸಿ ಹೇಳುವಾಗ ಈ ಕೆಲಸಕ್ಕೆ ಯಾಕಾದರೂ ಬಂದೆನೋ ಅನಿಸಿತು.

"ತೆಗೆದ್ರೆ ಅಮ್ಮನ ಸ್ವರ ಹೋಗ್ತದಾ?"

"ಗೊತ್ತಿಲ್ಲ" ಎಂದರು ಡಾಕ್ಟರು. "ಸ್ವರ ಅಲ್ಲೇ ಕೂತಿದೆಯೋ, ಬೇರೆಲ್ಲೋ ಇರುವುದನ್ನು ಅಲ್ಲಿಂದ ಎಬ್ಬಿಸುತ್ತಿದ್ದೇವೋ, ನಮಗೆ ಗೊತ್ತಿಲ್ಲ. ಸುಳ್ಳು ಹೇಳುವುದಿಲ್ಲ."

ಮುಂಡಪ್ಪ ಕಣ್ಣು ಮುಚ್ಚಿದ. ನಾನು ಅವನ ಕೈ ಹಿಡಿದುಕೊಂಡೆ. ಅದುವರೆಗೆ ಅವನ ಕೈ ಹಿಡಿದವನಲ್ಲ. ಕಾಯಿ ಹಿಡಿದು ಹಿಡಿದು ಒರಟಾಗಿತ್ತು.

"ಮಗುವನ್ನು ಎತ್ತಿಕೊಳ್ಬೇಕು ಮಾಷ್ಟ್ರೇ" ಎಂದ. "ತೆಗೀಲಿಕ್ಕೆ ಹೇಳಿ."

ಆಪರೇಷನ್ ಆದ ಮೇಲೆ ಮೊದಲ ಕೆಲವು ದಿನ ಅವನು ಮಾತೇ ಆಡಲಿಲ್ಲ. ಊತ ಇಳಿಯಬೇಕು, ಕಾಯಬೇಕು ಎಂದರು. ಕಾಂತಿಗೆ ಏನು ಹೇಳಲಿ ಎಂದು ನಾನು ಆಸ್ಪತ್ರೆಯ ಅಂಗಳದಲ್ಲಿ ಸುಮ್ಮನೆ ಸುತ್ತಿದೆ, ಕಣ್ಣೀರೂ ಹಾಕಿದೆ. ಒಂದು ಸಂಜೆ ಬೇಗನೆ ಊಟ ಮುಗಿಸಿ ಬಂದು ಅವನ ಪಕ್ಕ ಕುಳಿತಾಗ, ಕಿಟಕಿಯ ಕಡೆ ನೋಡಿ, ತಡವರಿಸುತ್ತಾ, ಒಂದೊಂದೇ ಪದ ಹುಡುಕಿ, "ಸೂರ್ಯ... ಇನ್ನೂ... ಉಂಟು. ಇನ್ನೊಮ್ಮೆ ಉಣ್ಣಿ" ಎಂದ. ಜೀವನದಲ್ಲಿ ಯಾರ ತಮಾಷೆಗೂ ನಾನು ಅಷ್ಟು ಸಂತೋಷಪಟ್ಟಿಲ್ಲ.

ಊರಿಗೆ ಹೊರಡುವ ಮುನ್ನ ಡಾಕ್ಟರು ಬಂದು ತಾಯಿಯ ಸ್ವರದ ಬಗ್ಗೆ ಕೇಳಿದರು. ಮುಂಡಪ್ಪ ಎದ್ದು ಕುಳಿತ. ಆಮೇಲೆ ಹೊಳೆಯಾಚೆಗೆ ಕೇಳುವ ಹಾಗೆ, ಹೆಂಗಸಿನ ಸ್ವರದಲ್ಲಿ, ಊಟಕ್ಕೆ ಕರೆದು ತೋರಿಸಿದ. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಉಂಟು ಡಾಕ್ಟ್ರೇ. ಮೊದಲು ಅದೇ ಬರ್ತಿತ್ತು, ನನ್ನನ್ನು ಎಳ್ಕೊಂಡು ಹೋಗ್ತಿತ್ತು. ಈಗ ನಾನು ಕರೆದ್ರೆ ಬರ್ತದೆ."

"ಹಾಗಾದರೆ ಅದು ನಾನು ತೆಗೆದ ತುಂಡಿನಲ್ಲಿ ಇರಲಿಲ್ಲ" ಎಂದರು ಡಾಕ್ಟರು. ಅವರ ಮುಖ ಅರಳಿತು. ಗೊತ್ತಿಲ್ಲದ್ದು ಇನ್ನಷ್ಟು ಉಳಿಯಿತೆಂದು ಸಂತೋಷಪಡುವ ವಿದ್ಯಾವಂತನನ್ನು ನಾನು ನೋಡಿದ್ದು ಅದೇ ಮೊದಲು. ನಾನು ಶಾಲೆಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಧೈರ್ಯವಾಗಿ ಹೇಳತೊಡಗಿದ್ದು ಆ ವರ್ಷದಿಂದ.

ಬಂಟ್ವಾಳದಲ್ಲಿ ಬಸ್ಸಿಳಿದಾಗ ಕಾಂತಿ ನಿಂತಿದ್ದಳು. ಬೋಳಿಸಿದ ತಲೆ, ಕಿವಿಯ ಮೇಲಿನ ಹೊಲಿಗೆ ನೋಡುತ್ತಾ ಹತ್ತಿರ ಬಂದಳು. ಮುಂಡಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, "ಈ ಹೆಂಗಸು ಯಾರು ಮಾಷ್ಟ್ರೇ? ಚಂದ ಉಂಟು" ಎಂದ. ಅವಳ ಮುಖ ಬಿಳಿಚಿಹೋಯಿತು. ಮರುಕ್ಷಣ ಅವನ ತುಟಿಯ ಮೂಲೆ ನೋಡಿ ಗೊತ್ತಾಯಿತು. ಪೇಟೆಯ ನಡುವೆ ಬೈದಳು, ಅಳುತ್ತಾ ಬೈದಳು. ಆಮೇಲೆ ನನಗೆ ಹೇಳಿದಳು, "ಇವರೇ ಮಾಷ್ಟ್ರೇ. ಬೇರೆ ಯಾರೂ ಅಲ್ಲ."

ಆದರೂ ಮಗುವನ್ನು ಕೊಡಲಿಲ್ಲ. ಮಳೆಗಾಲ ಹೋಯಿತು, ಚಳಿ ಬಂತು. ಮುಂಡಪ್ಪನಿಗೆ ಒಮ್ಮೆಯೂ ಬೋಧ ತಪ್ಪಲಿಲ್ಲ. ಗೋದಾಮಿನ ಎಣಿಕೆ ಒಂದು ದಿನವೂ ನಡುವೆ ನಿಲ್ಲಲಿಲ್ಲ. ಅವನು ಮಗುವನ್ನು ಕೇಳಲಿಲ್ಲ, ಅವಳು ಕೊಡಲಿಲ್ಲ. ಭಯವನ್ನು ಯಾವ ಡಾಕ್ಟರೂ ಗುರುತು ಹಾಕಿ ಕತ್ತರಿಸಿ ತೆಗೆದಿರಲಿಲ್ಲ. ನನಗೆ ಒಮ್ಮೊಮ್ಮೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಮರುಗಳಿಗೆ ಸಿಟ್ಟಾದ ನನ್ನ ಮೇಲೆಯೇ ಸಿಟ್ಟು.

ಒಂದು ಸಂಜೆ ನಾನು ನರಿಕೊಂಬಿಗೆ ಹೋಗಲೆಂದು ಕಡವಿಗೆ ಬಂದಾಗ ಮುಂಡಪ್ಪನೂ ಕಾಂತಿಯೂ ಅಲ್ಲಿದ್ದರು. ಪೇಟೆಗೆ ಬಂದಿದ್ದ ಕಾಂತಿಯ ಒಂದು ಕೈಯಲ್ಲಿ ಚೀಲ, ಸೊಂಟದಲ್ಲಿ ವಾರಿಜ. ಹಿಂದಿನ ವಾರ ಇವರನ್ನು ದಂಡೆಯಲ್ಲೇ ಬಿಟ್ಟುಹೋದ ದೋಣಿಯವ ಚನಿಯಪ್ಪನಿಗೆ ಅವಳು ದೂರದಿಂದಲೇ ಬೈಯಲು ತೊಡಗಿದ್ದಳು. ದೋಣಿ ಹತ್ತುವಾಗ ಚೀಲದ ಬಾಯಿ ಬಿಚ್ಚಿ ಈರುಳ್ಳಿ ಉರುಳಿತು. ಅವಳು ಬೈಗುಳ ನಿಲ್ಲಿಸಲಿಲ್ಲ. ತಿರುಗಿ, ಮಗುವನ್ನು ಮುಂಡಪ್ಪನ ಕೈಗೆ ಹಾಕಿ, ಬಗ್ಗಿ ಈರುಳ್ಳಿ ಹೆಕ್ಕತೊಡಗಿದಳು.

ಅವಳಿಗೆ ತಾನು ಏನು ಮಾಡಿದೆನೆಂದೇ ಗೊತ್ತಿರಲಿಲ್ಲ. ಮುಂಡಪ್ಪನಿಗೆ ಗೊತ್ತಿತ್ತು. ಉಸಿರಾಡಲೂ ಹೆದರಿದವನಂತೆ ಕುಳಿತಿದ್ದ. ವಾರಿಜ ಅವನ ಗಲ್ಲ ಮುಟ್ಟಿ ನೋಡಿ, ಹೆಗಲಿಗೆ ತಲೆಯಿಟ್ಟಳು. ಅವನು ನನ್ನನ್ನು ನೋಡಿ, ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡ. ನಾನು ನೀರಿನ ಕಡೆ ತಿರುಗಿದೆ. ಹೊಳೆಯ ನಡುವೆಯೂ ಕಾಂತಿಯ ಜಗಳ ಮುಗಿದಿರಲಿಲ್ಲ.

ಆಚೆ ದಡದಲ್ಲಿ ಇಳಿದು, ಅಭ್ಯಾಸದಂತೆ ಮಗುವಿಗಾಗಿ ಎರಡೂ ಕೈ ಚಾಚಿದಳು. ಆಗ ಗೊತ್ತಾಯಿತು. ಗಂಡನನ್ನು ನೋಡಿದಳು, ಅವನ ಹೆಗಲ ಮೇಲೆ ನಿದ್ದೆಹೋಗಿದ್ದ ಮಗುವನ್ನು ನೋಡಿದಳು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವಳು ಕೈ ಹಿಂದಕ್ಕೆ ತೆಗೆದು, ಚೀಲ ಎತ್ತಿಕೊಂಡು, ಮನೆಯ ದಾರಿ ಹಿಡಿದು ಮುಂದೆ ನಡೆದಳು. ಗದ್ದೆಯ ಅಂಚು ದಾಟುವವರೆಗೆ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.